ಬಾಲವಿರುವ ಸಹಿ

"ಅಮ್ಮಾ, ಇದು ನಿಮ್ಮ ಸಹಿ ಅಲ್ಲ," ಎಂದಳು ಬ್ಯಾಂಕಿನ ಅಧಿಕಾರಿ ಹುಡುಗಿ.

ನನಗೆ ನಗು ಬಂತು. ಕೈ ನನ್ನದು, ಪೆನ್ನು ನನ್ನದು, ಅವಳ ಕಣ್ಣೆದುರಿಗೇ ಮಾಡಿದ ಸಹಿ. ಬ್ಯಾಂಕಿನವರ ಪೆನ್ನನ್ನು ನಾನು ಮುಟ್ಟಿರಲಿಲ್ಲ. ಅದನ್ನು ದನ ಕಟ್ಟಿದ ಹಾಗೆ ಮೇಜಿಗೆ ದಾರದಲ್ಲಿ ಕಟ್ಟಿದ್ದಾರೆ, ಅದರಲ್ಲಿ ಶಾಯಿಯೂ ಇರುವುದಿಲ್ಲ.

"ನಂದಲ್ದೆ ಇನ್ಯಾರದಮ್ಮಾ, ಪಕ್ಕದ್ಮನೆಯೋಳದಾ?" ಎಂದು ಕೇಳಿಯೇಬಿಟ್ಟೆ.

ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅಲ್ಲಿ ನನ್ನ ಹೆಸರು ಮೆರೆಯುತ್ತಿತ್ತು. ಮೊದಲ ಅಕ್ಷರ ಎದೆಯುಬ್ಬಿಸಿ ನಿಂತಿದೆ, ಉಳಿದವು ಅದರ ಹಿಂದೆ ನೆಟ್ಟಗೆ ಸಾಲು ಹಿಡಿದಿವೆ, ಅಡಿಯಲ್ಲೊಂದು ಗೆರೆ, ಗೆರೆಯ ತುದಿಗೊಂದು ಸುರುಳಿ. ಥೇಟ್ ಅಂಗಡಿಯ ಬೋರ್ಡು. ಬೋರ್ಡಿನ ಹಾಗಿರದೆ ಇನ್ನು ಹೇಗಿದ್ದೀತು? ಬರೆದವರು ಬೋರ್ಡು ಬರೆಯುವವರೇ. ನಮ್ಮ ಯಜಮಾನರು!

ಅದರ ಪಕ್ಕದಲ್ಲಿ ನಾನು ಈಗಷ್ಟೇ ಚೀಟಿಯ ಮೇಲೆ ಮಾಡಿದ ಸಹಿ. ಬಸ್ಸು ತಪ್ಪಿಸಿಕೊಂಡವರು ಓಡಿದ ಹಾಗೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ. ಎರಡನ್ನೂ ನೋಡಿದರೆ ಕುರುಡನೂ ಹೇಳುತ್ತಿದ್ದ, ಇವು ಬೇರೆ ಬೇರೆ ಕೈಯವು ಎಂದು.

"ಎರಡೂ ತಾಳೆ ಆಗ್ದೆ ಲಾಕರ್ ತೆಗೆಯೋ ಹಾಗಿಲ್ಲಮ್ಮ," ಎಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿ, "ಇಲ್ಲಿರೋದನ್ನ ಬೇರೆ ಯಾರಾದ್ರೂ ಮಾಡಿದ್ದಾ? ಹಾಗಿದ್ರೆ ಹೇಳ್ಬಿಡಿ. ಲಾಕರಿಗೆ ಸೀಲ್ ಹಾಕಿ ಹೆಡ್ ಆಫೀಸಿಗೆ ಬರೀಬೇಕು. ವಿಚಾರಣೆ ಎಲ್ಲ ಆಗುತ್ತೆ," ಎಂದಳು.

ವಿಚಾರಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. "ಅಯ್ಯೋ, ನಂದೇ ಕಣಮ್ಮ. ವಯಸ್ಸಾಯ್ತು, ಕೈ ನಡುಗುತ್ತೆ," ಎಂದೆ. ಅವಳು ಪಾಪ, ಒಳ್ಳೆಯ ಹುಡುಗಿ. "ವಯಸ್ಸಾದೋರಿಗೆ ಹೀಗಾಗೋದು ಸಹಜ. ಮನೇಲಿ ನಾಕ್ಸಲ ಬರೆದು ಅಭ್ಯಾಸ ಮಾಡ್ಕೊಂಡು ಬನ್ನಿ," ಎಂದು ಚೀಟಿ ಹಿಂದಕ್ಕೆ ಕೊಟ್ಟಳು. ನನ್ನ ಸಹಿಯನ್ನು ನಾನೇ ಅಭ್ಯಾಸ ಮಾಡಿಕೊಂಡು ಬರಬೇಕಂತೆ. ಬಾಗಿಲು ದಾಟಿ ಬೀದಿಗೆ ಬರುವಷ್ಟರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಆ ಲಾಕರಿನಲ್ಲಿ ಚಿನ್ನದ ಗಟ್ಟಿಗಳಿಲ್ಲ. ಮನೆಯ ಪತ್ರ ಇದೆ, ನನ್ನ ಜನನ ಪತ್ರ ಇದೆ. ನನಗೆ ಬೇಕಾಗಿದ್ದದ್ದು ಆ ಜನನ ಪತ್ರ. ಅದಿಲ್ಲದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಅಕ್ಕನ ಆಪರೇಷನ್ ಇಲ್ಲ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನಾನು ಸಣ್ಣವಳು. ನನಗೆ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆಯಲು ಕಲಿಸಿದವಳು ಎಲ್ಲ ಅವಳೇ. ಮದುವೆಯಾಗಿ ಭಾವನ ಜೊತೆ ಪರದೇಶಕ್ಕೆ ಹೋದಳು. ಭಾವ ತೀರಿಕೊಂಡ ಮೇಲೂ ಅಲ್ಲೇ ಉಳಿದಳು, ಒಬ್ಬಳೇ. ಈಗ ಅವಳ ಸೊಂಟದ ಕೀಲು ಸವೆದುಹೋಗಿದೆ. ಆಸ್ಪತ್ರೆಯವರು ವರ್ಷಗಟ್ಟಲೆ ಕಾಯಿಸಿ ಕೊನೆಗೊಂದು ದಿನ ಕೊಟ್ಟಿದ್ದಾರೆ, ಆದರೆ ಒಂದು ಷರತ್ತು. ಆಪರೇಷನ್ ಆದ ಮೇಲೆ ಮನೆಯಲ್ಲಿ ನೋಡಿಕೊಳ್ಳಲು ಸ್ವಂತದವರು ಯಾರಾದರೂ ಇರಲೇಬೇಕು. ಇಲ್ಲದಿದ್ದರೆ ಆ ದಿನ ಬೇರೆಯವರಿಗೆ, ಅಕ್ಕ ಮತ್ತೆ ಸಾಲಿನ ಕೊನೆಗೆ. ಅವಳಿಗೆ ಸ್ವಂತದವಳು ಎಂದು ಇರುವವಳು ನಾನೊಬ್ಬಳು. ಒಡಹುಟ್ಟಿದವಳು ಎನ್ನಲು ಇಬ್ಬರ ಜನನ ಪತ್ರವೂ ಬೇಕು, ಮೂಲ ಪ್ರತಿಯೇ ಬೇಕು ಎಂದು ವೀಸಾ ಆಫೀಸಿನವರು ಹೇಳಿದ್ದರು. ಅಕ್ಕನದು ಅಂಚೆಯಲ್ಲಿ ಬಂದು ಕೂತಿತ್ತು. ವೀಸಾದವರು ನನಗೆ ಬರಹೇಳಿದ್ದು ಮುಂದಿನ ಸೋಮವಾರ. ನಾನು ಬ್ಯಾಂಕಿನಿಂದ ಪೆಚ್ಚುಮೋರೆ ಹಾಕಿಕೊಂಡು ಬಂದಿದ್ದು ಮಂಗಳವಾರ.

ಮನೆಗೆ ಬಂದರೆ ನಮ್ಮ ಯಜಮಾನರು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಸೋಫಾದ ಮೇಲೆ ವಿರಾಜಮಾನರಾಗಿದ್ದರು. ಬೀದಿಯವರೆಲ್ಲ ಇವರನ್ನು ಬೋರ್ಡ್ ಮೇಷ್ಟ್ರು ಎನ್ನುತ್ತಾರೆ. ಬಸ್ ಡಿಪೋದಲ್ಲಿ ಬೋರ್ಡು ಬರೆಯುವ ಕೆಲಸದಿಂದ ನಿವೃತ್ತರಾದವರು. ಆಯುಷ್ಯವೆಲ್ಲ ಎರಡಾಳೆತ್ತರದ ಏಣಿಯ ಮೇಲೆ ನಿಂತು ಒಂದು ದಿನವೂ ಬೀಳದವರು, ಹೋದ ವಾರ ನನ್ನ ಪ್ರಯಾಣಕ್ಕೆಂದು ಅಟ್ಟದಿಂದ ಸೂಟ್‌ಕೇಸ್ ಇಳಿಸಲು ಅಡುಗೆಮನೆಯ ಸ್ಟೂಲು ಹತ್ತಿ ಬಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಹಾಗೆ, "ಸ್ಟೂಲಿನ ಕಾಲು ಸರಿಯಿಲ್ಲ" ಎಂದು ಇವತ್ತಿಗೂ ಹೇಳುತ್ತಾರೆ.

"ತಂದ್ಯಾ?" ಎಂದರು.

"ಇಲ್ಲ. ನನ್ನ ಸಹಿ ನಂದಲ್ವಂತೆ."

"ನಾನು ಹೇಳ್ತಾ ಬಂದಿಲ್ವಾ? ಆ ಕಾಗೆ ಕಾಲಿನ ಅಕ್ಷರ ಎಲ್ಲೂ ನಡೆಯಲ್ಲ ಅಂತ."

"ಬಾಯ್ಮುಚ್ಚಿ ಸ್ವಲ್ಪ. ನಡೀತಿಲ್ಲ, ಯಾಕಂದ್ರೆ ಅಲ್ಲಿ ನಿಮ್ಮ ಕೈ ಕೂತಿದೆ!"

ಕಥೆ ಇಷ್ಟು. ಮದುವೆಯಾದ ಹೊಸತರಲ್ಲಿ ಲಾಕರ್ ಮಾಡಿಸುವಾಗ ಇವರು, "ನಾನು ಏಣಿ ಹತ್ತೋನು, ಯಾವತ್ತು ಏನೋ. ನಿನ್ನ ಹೆಸರಲ್ಲೇ ಇರ್ಲಿ," ಎಂದರು. ಆ ಮಾತಿಗೆ ನಾನು ಕರಗಿ ನೀರಾಗಿದ್ದೆ. ಬ್ಯಾಂಕಿನವರು ಕಾರ್ಡು ಕೊಟ್ಟು ಮನೆಯಲ್ಲಿ ಸಹಿ ಮಾಡಿ ತನ್ನಿ ಎಂದರು. ನಾನು ಒಲೆಯ ಮುಂದೆ ಇದ್ದೆ. ಇವರು ಕಾರ್ಡು ನೋಡಿದರು, ಅಚ್ಚ ಬಿಳಿ ಕಾರ್ಡು, ಕೈ ತುರಿಸಿತು. ನನ್ನ ಹೆಸರನ್ನು ಚೆಂದಕ್ಕೆ ಬರೆದು, ಗೆರೆ ಎಳೆದು, ಸುರುಳಿ ಸುತ್ತಿ, "ನೋಡು, ಹೆಂಗಿದೆ!" ಎಂದು ತಂದು ತೋರಿಸಿದರು. ಚೆನ್ನಾಗಿಯೇ ಇತ್ತು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ವಿಮೆಯ ಕಾಗದ, ನೀರಿನ ಸಂಪರ್ಕದ ಅರ್ಜಿ, ಎಲ್ಲದರಲ್ಲೂ ನನ್ನ ಹೆಸರಿಗೆ ಇವರ ಕೈ. ಬ್ಯಾಂಕಿಗೆ ಬೋರ್ಡು ಬರೆದುಕೊಟ್ಟವರೂ ಇವರೇ ಆದ್ದರಿಂದ ಹಳೆಯ ಮ್ಯಾನೇಜರು ಲಾಕರಿನ ಸಹಿ ಪುಸ್ತಕವನ್ನು ನೇರ ಇವರ ಕಡೆಗೇ ತಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ. ಸಹಿ ಅವರದು, ಸಾಕ್ಷಿ ನನ್ನ ಚೀಲ.

ಇವರು ಇಲ್ಲದ ಕಡೆ ಮಾತ್ರ ನನ್ನ ಬಾಲದ ಸಹಿ ನಡೆಯುತ್ತಿತ್ತು. ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಜೇಬಿನ ಮೇಲೆ ಲಾಂಛನದ ಕಸೂತಿ ಹಾಕುತ್ತಿದ್ದವಳು. ಅಲ್ಲಿಯ ಹಾಜರಿಗೆ ಅದೇ ಸಹಿ. ಮೊನ್ನೆ ಪಾಸ್‌ಪೋರ್ಟ್ ಮಾಡಿಸುವಾಗಲೂ ಇವರನ್ನು ಒಳಗೆ ಬಿಡಲಿಲ್ಲವಾದ್ದರಿಂದ ಅದೇ ಸಹಿ. ಇವರಿಗೆ ಅದನ್ನು ಕಂಡರೆ ಆಗದು. "ಹೆಬ್ಬೆಟ್ಟಿನ ಗಿರಾಕಿ" ಎಂದು ರೇಗಿಸುವರು.

"ಬೇರೆಯವರು ಮಾಡಿದ್ದು ಅಂತ ಗೊತ್ತಾದ್ರೆ ಲಾಕರಿಗೆ ಸೀಲ್ ಹಾಕ್ತಾರಂತೆ. ವಿಚಾರಣೆ ಆಗುತ್ತಂತೆ," ಎಂದೆ.

ಇವರ ಮುಖ ಸುಣ್ಣದ ಗೋಡೆಯಂತಾಯಿತು. ಸ್ವಲ್ಪ ಹೊತ್ತು ಪ್ಲಾಸ್ಟರಿನ ಕೈಯನ್ನೇ ನೋಡಿಕೊಂಡರು. ಆ ಕೈ ನೆಟ್ಟಗಿದ್ದಿದ್ದರೆ ಏನು ಮಾಡುತ್ತಿದ್ದರೋ! ಬ್ಯಾಂಕಿಗೆ ನನ್ನ ಜೊತೆ ಬಂದು ಹುಡುಗಿಯ ಕಣ್ಣು ತಪ್ಪಿಸಿ ಬರೆದುಬಿಡುತ್ತಿದ್ದರೇನೋ.

"ಒಂದೇ ದಾರಿ," ಎಂದರು ಕೊನೆಗೆ. "ನನ್ನ ಕೈಬರಹ ನೀನು ಕಲೀಬೇಕು."

"ನನ್ನ ಸಹಿ ನಾನು ನಿಮ್ಮಿಂದ ಕಲೀಬೇಕಾ?"

"ನಿಮ್ಮಕ್ಕನಿಗೋಸ್ಕರ," ಎಂದರು.

ಆವತ್ತೇ ಶುರುವಾಯಿತು ಪಾಠ. ವಿಮೆಯ ಕಾಗದದ ಮೇಲಿದ್ದ ಸಹಿಯನ್ನು ಎದುರಿಗಿಟ್ಟುಕೊಂಡು ಊಟದ ಮೇಜಿನ ಮುಂದೆ ನಾನು, ತಲೆಯ ಮೇಲೆ ಮೇಷ್ಟ್ರು. ದಾರಕ್ಕೆ ಸೀಮೆಸುಣ್ಣ ಹಚ್ಚಿ ಎರಡು ತುದಿ ಹಿಡಿದು ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ಅದು ಬೋರ್ಡಿನವರ ಪದ್ಧತಿ. ಇವರಿಗೆ ಒಂದೇ ಕೈ, ಆದ್ದರಿಂದ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ದಿನಪತ್ರಿಕೆಯ ಮೇಲೆ ಗೆರೆ ಹೊಡೆದರು. ಬಾಯಿ ತುಂಬ ಸುಣ್ಣ. ಆ ಕಷ್ಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

"ನಗೋದಲ್ಲ, ಬರಿ. ಬೆರಳು ಓಡಿಸ್ಬೇಡ, ತೋಳು ಓಡಿಸು. ತೋಳು! ಅಯ್ಯೋ, ಅದೇನು ಅಕ್ಷರನಾ, ಮುರಿದಿರೋ ಕೊಡೆನಾ?"

"ಮೇಜು ಅಲ್ಲಾಡ್ತಿದೆ."

"ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಳಂತೆ."

ಸ್ಟೂಲಿನ ಕಾಲು ಡೊಂಕು ಎಂದವರು ಯಾರು ಎಂದು ಕೇಳಬೇಕೆನ್ನಿಸಿತು, ನುಂಗಿಕೊಂಡೆ. ಬುಧವಾರ ಸಂಜೆಯ ಹೊತ್ತಿಗೆ ವಾರದ ಪತ್ರಿಕೆಗಳೆಲ್ಲ ಮುಗಿದಿದ್ದವು. ನನ್ನ ಬೆರಳು ಮರಗಟ್ಟಿತ್ತು. ಒಂದೂ ಹೊಂದಲಿಲ್ಲ. ಎಷ್ಟು ಹುಷಾರಾಗಿ ಬರೆದರೂ ಕೊನೆಯ ಅಕ್ಷರಕ್ಕೆ ಬಂದ ಕೂಡಲೇ ನನ್ನ ಕೈ ತಾನಾಗಿ ಬಾಲ ಎಳೆದುಬಿಡುತ್ತಿತ್ತು. ಇವರು ಲೊಚಗುಟ್ಟುತ್ತಿದ್ದರು. ಪ್ರತಿ ಬಾಲಕ್ಕೂ ಒಂದು ಲೊಚಗುಟ್ಟುವಿಕೆ. ಕೊನೆಗೆ, "ಆಗಲ್ಲ ಬಿಡು. ನಿನ್ನ ಕೈಲಿ ಇದು ಆಗಲ್ಲ," ಎಂದುಬಿಟ್ಟರು.

ನಾನು ಪೆನ್ನನ್ನು ಮೇಜಿಗೆ ಕುಕ್ಕಿದೆ.

"ಆಗಲ್ವಾ? ನನ್ನ ಹೆಸರಿಗೆ ನಾನು ಸಹಿ ಮಾಡಕ್ಕೂ ನಿಮ್ಮ ಕೈ ಬೇಕಾ? ಕಾರ್ಡು ಬಂದಾಗ ಲೇ, ಬಾ, ಇದು ನಿಂದು, ನೀನೇ ಬರಿ ಅಂತ ಒಂದು ಮಾತು ಕರೀಲಿಲ್ಲ. ನನ್ನ ಅಕ್ಷರ ಚೆನ್ನಾಗಿಲ್ಲ, ಸರಿ. ಆದ್ರೆ ನಂದು! ಆ ಚೆಂದ ತಗೊಂಡು ಈಗ ಏನ್ಮಾಡ್ಲಿ? ನಮ್ಮಕ್ಕ ಅಲ್ಲಿ ಕುರ್ಚಿ ಹಿಡ್ಕೊಂಡು ನಡೀತಿದ್ದಾಳೆ!"

ಇವರು ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಎದ್ದು ಹೋಗಿ ಎಡಗೈಯಲ್ಲಿ ಚಹಾ ಮಾಡಿದರು. ಅರ್ಧ ಚಹಾ ತಟ್ಟೆಯಲ್ಲಿತ್ತು. ನಾನು ಕುಡಿಯಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು. "ಪುಟ್ಟೀ, ಏನಾಯ್ತೇ?" ಎಂದಳು. ಈ ವಯಸ್ಸಿನಲ್ಲೂ ನಾನವಳಿಗೆ ಪುಟ್ಟಿಯೇ. ಹೇಳಿದೆ. ಅವಳು, "ಹೋಗ್ಲಿ ಬಿಡೇ. ಆಗದಿದ್ರೆ ಬೇಡ. ಕುರ್ಚಿ ಹಿಡ್ಕೊಂಡು ನಡೀತಾನೇ ಇದ್ದೀನಲ್ಲ, ಹಾಗೇ ನಡೀತೀನಿ," ಎಂದಳು. ಮಾತಾಡುತ್ತಲೇ ನೀರು ಕುಡಿಯಲು ಎದ್ದಳೆಂದು ಕಾಣುತ್ತದೆ. ಕುರ್ಚಿಯ ಕಾಲು ನೆಲದ ಮೇಲೆ ಕಿರ್ರೆಂದು ಉಜ್ಜುವುದು, ಅಕ್ಕ ಉಸಿರು ಬಿಡುವುದು, ಮತ್ತೆ ಕಿರ್ರೆನ್ನುವುದು ಕೇಳಿಸಿತು. ಅಡುಗೆಮನೆ ಅವಳಿಗೆ ಅಷ್ಟು ದೂರವಾಗಿತ್ತು.

"ಆಗುತ್ತೆ ಕಣೇ," ಎಂದೆ. "ಹೇಗೆ ಅಂತ ಕೇಳ್ಬೇಡ. ಆಗುತ್ತೆ."

ಬೆಳಗ್ಗೆ ಎದ್ದವಳೇ ಬೀರುವಿನ ಕೆಳಗಿನಿಂದ ಹಳೆಯ ಕಸೂತಿ ಚೌಕಟ್ಟು ತೆಗೆದೆ. ಅದರ ಬಿಗಿಮೊಳೆಗೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ತಿರುಗಿಸಿದೆ. ಹಳೆಯ ದಿಂಬಿನ ಚೀಲ ಕತ್ತರಿಸಿ ಬಿಗಿದೆ. ಕಾರ್ಬನ್ ಹಾಳೆಯ ಮೇಲೆ ವಿಮೆಯ ಕಾಗದವಿಟ್ಟು ಸಹಿಯ ಮೇಲೆ ಒತ್ತಿ ತೀಡಿದೆ. ನನ್ನ ಹೆಸರು ಬಟ್ಟೆಯ ಮೇಲೆ ನೀಲಿಯಾಗಿ ಮೂಡಿತು.

ಇವರು ಕಣ್ಣುಜ್ಜಿಕೊಂಡು ಬಂದು, "ಏನೇ ಇದು, ಬೆಳಬೆಳಗ್ಗೆ ಹೊಲಿಗೆ?" ಎಂದರು.

"ನೀವು ಬೋರ್ಡಿನ ಪಾಠ ಮಾಡಿದ್ರಿ. ಇದು ನನ್ನ ಪಾಠ. ದೂರ ಕೂತ್ಕೊಳ್ಳಿ."

ಕಾರ್ಖಾನೆಯಲ್ಲಿ ನಮಗೆ ಲಾಂಛನವನ್ನು ಬರೆಯಲು ಯಾರೂ ಹೇಳಿಕೊಡಲಿಲ್ಲ. ಸಿಂಹವಿರಲಿ, ಹಡಗಿರಲಿ, ಮೊದಲು ಒಂದನ್ನು ಹೊಲಿಯಬೇಕು. ಹೊಲಿದರೆ ಕೈಗೆ ಅದು ಬಂದುಬಿಡುತ್ತದೆ, ಆಮೇಲೆ ಬರಿಬಟ್ಟೆಯ ಮೇಲೂ ಹಾಕಬಹುದು. ಪೆನ್ನು ಸರ್ರನೆ ಓಡಿಹೋಗುತ್ತದೆ, ಏನನ್ನೂ ಹೇಳುವುದಿಲ್ಲ. ಸೂಜಿ ಹಾಗಲ್ಲ, ಒಂದೊಂದು ಹೊಲಿಗೆಗೂ ನಿಂತು ದಾರಿ ಕೇಳುತ್ತದೆ. ಆ ಬೆಳಗ್ಗೆ ಸೂಜಿ ನನಗೆ ಎಲ್ಲವನ್ನೂ ಹೇಳಿತು. ಇವರು ಮೊದಲ ಅಕ್ಷರವನ್ನು ಮೇಲಿನಿಂದಲ್ಲ, ಕೆಳಗಿನಿಂದ ಶುರುಮಾಡುತ್ತಾರೆ. ಎರಡನೆಯದಕ್ಕೆ ಕೈ ಎತ್ತುವುದೇ ಇಲ್ಲ. ಅಡಿಗೆರೆಯನ್ನು ನಾನು ಎಡದಿಂದ ಬಲಕ್ಕೆ ಎಳೆಯುತ್ತಿದ್ದೆ. ಅದು ಬಲದಿಂದ ಎಡಕ್ಕೆ ಬರಬೇಕು, ಕೊನೆಯ ಅಕ್ಷರದ ಹೊಟ್ಟೆಯೊಳಗಿನಿಂದಲೇ. ನನ್ನ ಬಾಲಕ್ಕೆ ಹೊರಟ ಕೈಯನ್ನು ಅಲ್ಲೇ ಹಿಂದಕ್ಕೆ ತಿರುಗಿಸಿಬಿಟ್ಟರೆ ಅದೇ ಅವರ ಗೆರೆ! ಎರಡು ದಿನ ನಾನು ಬಾಲವನ್ನು ಕತ್ತರಿಸಲು ಒದ್ದಾಡಿದ್ದೆ. ಕತ್ತರಿಸುವುದಲ್ಲ, ಮಡಚುವುದಿತ್ತು.

ಒಂದು ಹೊಲಿದೆ, ಇನ್ನೊಂದು ಹೊಲಿದೆ, ಮತ್ತೊಂದನ್ನು ನೀಲಿ ಗೆರೆಯಿಲ್ಲದೆಯೇ ಹೊಲಿದೆ. ಮಧ್ಯಾಹ್ನ ಊಟವಾದ ಮೇಲೆ ಪೆನ್ನು ಹಿಡಿದೆ. ಕೈ ತಾನಾಗಿ ಕೆಳಗಿನಿಂದ ಎದ್ದು, ಇಳಿದು, ಓಡಿ, ಹೊಟ್ಟೆಯೊಳಗಿನಿಂದ ಹಿಂದಿರುಗಿ ಸುರುಳಿ ಸುತ್ತಿ ನಿಂತಿತು.

ಇವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದರು, ಹಾಕಿದರು.

"ಇದು ನಾನು ಬರೆದಿದ್ದಾ, ನೀನು ಬರೆದಿದ್ದಾ?"

"ನಿಮ್ಮ ಕೈ ಪ್ಲಾಸ್ಟರಿನ ಗೂಡಲ್ಲಿದೆಯಲ್ರೀ!"

"ಸುರುಳಿ..." ಎಂದು ಇನ್ನೊಮ್ಮೆ ನೋಡಿದರು. "ಸುರುಳಿ ನಂದಕ್ಕಿಂತ ಚೆನ್ನಾಗಿ ಬಂದಿದೆ." ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಅಕ್ಷರಕ್ಕೆ ಇವರ ಬಾಯಿಂದ ಬಂದ ಮೊದಲ ಹೊಗಳಿಕೆ. ಅದೂ ಇವರದೇ ಅಕ್ಷರಕ್ಕೆ! ಆದರೂ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಬ್ಯಾಂಕಿಗೆ ಇಬ್ಬರೂ ಹೋದೆವು. ಬರಬೇಡಿ ಎಂದರೂ ಇವರು ಕೇಳಲಿಲ್ಲ, ಕೊರಳಿಗೆ ಕೈ ಜೋತುಹಾಕಿಕೊಂಡು ಹೊರಟರು. ಅದೇ ಹುಡುಗಿ. ನಾನು ನನ್ನ ಪೆನ್ನು ತೆಗೆದೆ. ಹಿಂದೆ ಸಾಲಿನಲ್ಲಿ ಒಬ್ಬಾತ ಕೆಮ್ಮಿದ. ಇವರು ನನ್ನ ಹೆಗಲ ಮೇಲಿಂದ ಬಗ್ಗಿದ್ದರು. ಉಸಿರು ಕುತ್ತಿಗೆಗೆ ತಾಗುತ್ತಿತ್ತು.

"ಅಲ್ಲಿ ಕೂತ್ಕೊಳ್ಳಿ ಹೋಗಿ," ಎಂದೆ. ಹೋಗಿ ಕೂತರು.

ಸಿಂಹ, ಹಡಗು, ಜೇಬು ಎಂದು ಮನಸ್ಸಿನಲ್ಲೇ ಅಂದುಕೊಂಡು ಕೈ ಬಿಟ್ಟೆ. ಹುಡುಗಿ ಚೀಟಿ ತೆಗೆದುಕೊಂಡು ಪರದೆಯ ಪಕ್ಕ ಹಿಡಿದಳು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಚೆನ್ನಾಗಿ ಅಭ್ಯಾಸ ಮಾಡಿದ್ದೀರಿ," ಎಂದು ಬೀಗದ ಕೈ ಹಿಡಿದು ಎದ್ದಳು.

ಲಾಕರಿನ ಬಾಗಿಲು ತೆಗೆದಾಗ ತಣ್ಣನೆಯ ಕಬ್ಬಿಣದ ವಾಸನೆ ಬಂತು. ಮನೆಯ ಪತ್ರದ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ, ಮಡಿಕೆಗಳಲ್ಲಿ ಹಳದಿಯಾಗಿ ಕೂತಿತ್ತು ನನ್ನ ಜನನ ಪತ್ರ. ಅದನ್ನು ಎದೆಗೆ ಒತ್ತಿಕೊಂಡೆ. ನಾನು ಹುಟ್ಟಿದ್ದು ನಿಜ ಎಂದು ಗೊತ್ತಾಗಿ ಇಷ್ಟು ಸಂತೋಷಪಟ್ಟವರು ಯಾರಾದರೂ ಇದ್ದಾರೋ ಇಲ್ಲವೋ!

ಹೊರಗೆ ಬಂದರೆ ಇವರು ಆಗಲೇ ಬಾಗಿಲ ಬಳಿ ನಿಂತು, "ಬಾ, ಬಾ, ಕೆಲಸ ಆಯ್ತಲ್ಲ," ಎಂದು ಕಣ್ಣಲ್ಲೇ ಅವಸರ ಮಾಡುತ್ತಿದ್ದರು. ನಾನು ನೇರ ಹೋಗಿ ಮತ್ತೆ ಹುಡುಗಿಯ ಎದುರು ಕುಳಿತೆ.

"ಇನ್ನೊಂದು ಕೆಲಸ ಇದೆಯಮ್ಮ. ನನ್ನ ಸಹಿ ಬದಲಾಯಿಸ್ಬೇಕು."

"ಈಗ್ತಾನೆ ಸರಿ ಹೊಂದಿತಲ್ಲಮ್ಮ?"

"ಹೊಂದಿತು. ಅದಕ್ಕೇ ಬದಲಾಯಿಸ್ಬೇಕು."

ಬಾಗಿಲ ಬಳಿಯಿಂದ, "ಲೇ!" ಎಂದು ಸಣ್ಣ ದನಿಯೊಂದು ಬಂತು. ನಾನು ತಿರುಗಲಿಲ್ಲ. ಹುಡುಗಿ ಒಂದು ಹಾಳೆ ತೆಗೆದಳು. "ಎಡಗಡೆ ಹಳೇ ಸಹಿ ಹಾಕಿ, ಬಲಗಡೆ ಹೊಸ ಸಹಿ ಹಾಕಿ. ಗುರುತಿಗೆ ಏನಾದ್ರೂ ಇದೆಯಾ?" ಪಾಸ್‌ಪೋರ್ಟ್ ತೆಗೆದಿಟ್ಟೆ. ಅದರೊಳಗೆ ಬಾಲವಿರುವ ಸಹಿ ನನ್ನ ಫೋಟೋದ ಕೆಳಗೆ ಕಾಲು ಚಾಚಿ ಮಲಗಿತ್ತು.

ಎಡಗಡೆ ಇವರ ಸಹಿ ಹಾಕಿದೆ, ಗೆರೆ, ಸುರುಳಿ ಎಲ್ಲ ಸಮೇತ. ಬಲಗಡೆ ನನ್ನದು. ಕೊನೆಯ ಅಕ್ಷರಕ್ಕೆ ಬಂದಾಗ ಕೈಯನ್ನು ಹಿಡಿಯಲಿಲ್ಲ. ಬಾಲ ಚೌಕದ ಗೆರೆ ದಾಟಿ ಅಂಚಿನವರೆಗೂ ಹೋಯಿತು. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ನೋಡಿದಾಗ ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ಎರಡೂ ನನ್ನ ಕೈಯವು. ಆದರೆ ಒಂದು ಮಾತ್ರ ನಾನು.

ಹುಡುಗಿ ಹಾಳೆ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ಬಾಗಿಲ ಬಳಿ ನಿಂತಿದ್ದ ಇವರ ಪ್ಲಾಸ್ಟರಿನ ಕೈ ನೋಡಿದಳು. ಬ್ಯಾಂಕಿನ ಹೆಸರಿನ ಬೋರ್ಡು ಇವರ ತಲೆಯ ಮೇಲೇ ಇತ್ತು. ಅದರ ಸುರುಳಿಯನ್ನೂ ನೋಡಿದಳೋ ಏನೋ. ಎಲ್ಲ ಅರ್ಥವಾದಂತೆ ತುಟಿ ಬಿಗಿಹಿಡಿದು ಮುದ್ರೆ ಒತ್ತಿದಳು.

"ಆಯ್ತಮ್ಮ. ಇನ್ಮೇಲೆ ಇದೇ ನಿಮ್ಮ ಸಹಿ. ಮತ್ತೆ ಬದಲಾಯಿಸ್ಬೇಡಿ."

"ಸತ್ರೂ ಬದಲಾಯಿಸಲ್ಲ," ಎಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗಿ ಇವರನ್ನೂ ಕರೆದಳು. "ಸರ್, ಬಂದಿದ್ದೀರಲ್ಲ, ನಿಮ್ಮ ಪಿಂಚಣಿಗೆ ವರ್ಷದ ಕಾಗದ ಬಾಕಿ ಇದೆ. ಬದುಕಿದ್ದೀನಿ ಅಂತ ಒಂದು ಸಹಿ ಹಾಕ್ಬಿಡಿ."

"ಎದುರಿಗೇ ನಿಂತಿದ್ದೀನಲ್ಲಮ್ಮ!"

"ಕಾಗದದಲ್ಲೂ ಬದುಕಿರ್ಬೇಕು ಸರ್."

ಇವರು ಪ್ಲಾಸ್ಟರ್ ತೋರಿಸಿದರು. ಹುಡುಗಿ ಶಾಯಿಯ ಡಬ್ಬಿ ಮುಂದೆ ತಳ್ಳಿ, "ಪರವಾಗಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಿ," ಎಂದಳು.

ಇವರು ಶಾಯಿಯನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಊರಿನ ಅರ್ಧ ಬೋರ್ಡು ಬರೆದ ಬೋರ್ಡ್ ಮೇಷ್ಟ್ರು, ನನ್ನನ್ನು ಹೆಬ್ಬೆಟ್ಟಿನ ಗಿರಾಕಿ ಎಂದವರು, ಹೆಬ್ಬೆಟ್ಟನ್ನು ನೇರಳೆ ಶಾಯಿಯಲ್ಲಿ ಅದ್ದಿ ಕಾಗದಕ್ಕೆ ಒತ್ತಿದರು. ಒತ್ತಿ, ಅಭ್ಯಾಸಬಲದಿಂದ ತಲೆ ಓರೆ ಮಾಡಿ, ಅದು ನೆಟ್ಟಗೆ ಬಿದ್ದಿದೆಯೇ ಎಂದೂ ನೋಡಿದರು.

"ಹೆಬ್ಬೆಟ್ಟಿಗೆ ಸಾಕ್ಷಿ ಬೇಕು," ಎಂದಳು ಹುಡುಗಿ. "ಬ್ಯಾಂಕಲ್ಲಿ ಸಹಿ ಇರೋರು, ನಿಮ್ಮನ್ನ ಬಲ್ಲವರು ಯಾರಾದ್ರೂ..."

"ನಾನಿದ್ದೀನಲ್ಲ!" ಎಂದೆ. "ಇವರನ್ನ ನನ್ನಷ್ಟು ಬಲ್ಲವರು ಈ ಭೂಮಿ ಮೇಲಿಲ್ಲ."

ನೇರಳೆ ಹೆಬ್ಬೆಟ್ಟಿನ ಪಕ್ಕದಲ್ಲಿ, ಇನ್ನೂ ಮುದ್ರೆ ಆರಿರದ ನನ್ನ ಹೊಸ ಸಹಿಯನ್ನು ಹಾಕಿದೆ. ಬಾಲ ಹೋಗಿ ಇವರ ಹೆಬ್ಬೆಟ್ಟನ್ನು ಸ್ವಲ್ಪ ಸುತ್ತಿಕೊಂಡಿತು. ಸಾಲಿನಲ್ಲಿ ಕೆಮ್ಮುತ್ತಿದ್ದಾತ ನಕ್ಕುಬಿಟ್ಟ. ಇವರಿಗೂ ನಗು ಬಂತು. ನಗುತ್ತಲೇ, "ಮಾಡಿದ್ದುಣ್ಣೋ ಮಹರಾಯ," ಎಂದು ಹೆಬ್ಬೆಟ್ಟು ಒರೆಸಿಕೊಂಡರು. ಮನೆಗೆ ಬರುವಾಗ ನನ್ನ ಚೀಲ ಅವರು ಹಿಡಿದಿದ್ದರು.

ವೀಸಾ ಬಂತು. ಒಬ್ಬಳೇ ವಿಮಾನ ಹತ್ತಿದೆ. ದಾರಿಯಲ್ಲಿ ತುಂಬಬೇಕಾದ ಕಾಗದಗಳನ್ನೆಲ್ಲ ತುಂಬಿದೆ, ಎಲ್ಲಿ ಸಹಿ ಕೇಳಿದರೂ ಹಾಕಿದೆ, ಕೇಳದಿದ್ದರೂ ಹಾಕುವಷ್ಟು ಹುರುಪಿತ್ತು. ಅಕ್ಕ ಬಾಗಿಲಲ್ಲಿ ಕುರ್ಚಿ ಹಿಡಿದು ನಿಂತಿದ್ದಳು. ನನಗಿಂತ ಸಣ್ಣವಳಾಗಿ ಕಂಡಳು. ಇಬ್ಬರೂ ತಬ್ಬಿಕೊಂಡು ಅತ್ತೆವು. ಕುರ್ಚಿ ನಮ್ಮಿಬ್ಬರ ನಡುವೆ ಸಿಕ್ಕಿಹಾಕಿಕೊಂಡಿತ್ತು.

ಆಪರೇಷನ್ ದಿನ ಬೆಳಗ್ಗೆ ನರ್ಸು ಒಂದು ಹಾಳೆ ತಂದು, ನೋಡಿಕೊಳ್ಳುವವರು ಇಲ್ಲಿ ಸಹಿ ಮಾಡಬೇಕು ಎಂದು ಬೆರಳಿಟ್ಟು ತೋರಿಸಿದಳು. ಅಕ್ಕ ಮಂಚದ ಮೇಲೆ ಹಸಿರು ಅಂಗಿ ತೊಟ್ಟು ಮಲಗಿದ್ದಳು; ಹೆದರಿದ್ದಳು, ಹೆದರಿಲ್ಲ ಎನ್ನುತ್ತಿದ್ದಳು. ನಾನು ಸಹಿ ಹಾಕಿದೆ. ಅಕ್ಕ ಕತ್ತೆತ್ತಿ ನೋಡಿದಳು.

"ಅಯ್ಯೋ ಪುಟ್ಟೀ! ಆ ಬಾಲ ಇನ್ನೂ ಇದೆಯೇನೇ?"

"ನೀನೇ ಕಲಿಸಿದ್ದಲ್ಲ!"

"ಹೌದು ಕಣೇ. ನಿನ್ನ ಹೆಸರಿಗೆ ಬಾಲ ಇದ್ರೆ ಎಲ್ಲೇ ಕಳೆದುಹೋದ್ರೂ ಹಿಡಿದು ಎಳ್ಕೊಂಡು ಬರ್ಬೋದು ಅಂತ ನಾನೇ ಹೇಳಿದ್ದೆ. ನೀನು ನಂಬಿಬಿಟ್ಟಿದ್ದೆ." ನಗುತ್ತಿರುವಾಗಲೇ ಅವಳ ಮಂಚವನ್ನು ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚುವವರೆಗೂ ಅವಳ ನಗು ಕೇಳಿಸಿತು. ಆ ಬಾಗಿಲ ಹೊರಗೆ ಕೂತು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಮಧ್ಯಾಹ್ನ ಡಾಕ್ಟರು ಬಂದು ಎಲ್ಲ ಸರಿಹೋಯಿತು ಎಂದರು.

ಕೆಲವು ವಾರ ಕಳೆದ ಮೇಲೆ ಒಂದು ದಿನ ಅಕ್ಕ ಓಣಿಯಂಥ ತನ್ನ ಮನೆಯ ಹಜಾರದಲ್ಲಿ ಕೋಲೂರಿ ನಡೆಯುತ್ತಿದ್ದಳು. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ, ಬೀಳಲು ಬಿಡಬಾರದೆಂದು. ಅವಳು ಬೀಳುವ ಯೋಚನೆಯಲ್ಲೇ ಇರಲಿಲ್ಲ. ಆಗ ಇವರ ಫೋನು.

"ಲೇ, ನನ್ನ ಪ್ಲಾಸ್ಟರ್ ತೆಗೆದ್ರು. ಕೈ ಚೆನ್ನಾಗಿದೆ," ಎಂದರು. ಆಮೇಲೆ ತಡವರಿಸುತ್ತ, "ನಿನ್ನ ಹೆಸರಿಗೆ ಯಾವುದೋ ಪಾರ್ಸೆಲ್ ಬಂದಿದೆ. ಹುಡುಗ ಬಾಗಿಲಲ್ಲಿ ನಿಂತಿದ್ದಾನೆ, ಸಹಿ ಬೇಕಂತೆ. ನಾನು... ಹಾಕ್ಲಾ?"

ಕೇಳಿದರು! ನಲವತ್ತು ವರ್ಷದಲ್ಲಿ ಮೊದಲ ಬಾರಿ ಕೇಳಿದರು. ನಾನು ನಿಂತುಬಿಟ್ಟೆ.

"ಹಾಕಿ," ಎಂದೆ. "ಆದ್ರೆ ನಿಮ್ಮ ಹೆಸರಲ್ಲಿ ಹಾಕಿ. ನನ್ನ ಹೆಸರಿಗೆ ನಾನಿದ್ದೀನಿ."

"ಆಯ್ತು ಮಾರಾಯ್ತಿ, ಆಯ್ತು," ಎಂದರು. ಪೆನ್ನು ಕಾಗದದ ಮೇಲೆ ಸರ್ರೆಂದದ್ದು ನನಗೆ ಅಲ್ಲಿಂದಲೇ ಕೇಳಿಸಿತು. ಸುರುಳಿಯನ್ನೂ ಸುತ್ತಿರಬೇಕು, ಹುಟ್ಟುಗುಣ ಎಲ್ಲಿ ಹೋದೀತು.

ಫೋನು ಇಟ್ಟು ನೋಡಿದರೆ ಅಕ್ಕ ಹಜಾರದಲ್ಲಿರಲಿಲ್ಲ. ಕೋಲು ಗೋಡೆಗೆ ಒರಗಿತ್ತು. ಅಡುಗೆಮನೆಯಿಂದ ನಲ್ಲಿಯ ಸದ್ದು ಬಂತು, ಆಮೇಲೆ ಅವಳ ದನಿ.

"ಪುಟ್ಟೀ, ನೀರು ತಗೊಂಡೆ ಕಣೇ. ನಿಂಗೂ ತರ್ಲಾ?"